ಲೋಕಲ್ ಅಂದ್ರೆ ಎಂತ ಮಾರಾಯ್ರೇ?

"ಅವನು ಸ್ವಲ್ಪ ಲೋಕಲ್ ಕಣೋ." ಬೆಂಗಳೂರಿನ ಆಫೀಸುಗಳಲ್ಲಿ ಈ ಮಾತು ಕೇಳದವರು ಇರಲಿಕ್ಕಿಲ್ಲ. ಅರ್ಥ ಏನು? ಅಂಗಿ ಸರಿಯಿಲ್ಲ, ಇಂಗ್ಲಿಷು ಸರಿಯಿಲ್ಲ, ಒಟ್ಟಿನಲ್ಲಿ ಆಸಾಮಿಯೇ ಕಳಪೆ. ಇಂಗ್ಲಿಷಿನಲ್ಲಿ ಲೋಕಲ್ ಅಂದರೆ ಒಂದು ಜಾಗಕ್ಕೆ ಸೇರಿದ್ದು, ಅಷ್ಟೇ. ಅದನ್ನು ಬೈಗುಳ ಮಾಡಿಕೊಂಡವರು ನಾವು.

ನಮ್ಮ ಕಡೆ ಬನ್ನಿ. ಪುತ್ತೂರು, ಸುಳ್ಯ, ಕಡಬ, ಯಾವ ಪೇಟೆಯಲ್ಲಿ ಕೇಳಿದರೂ ಊರ ಕೋಳಿಗೆ ಬ್ರಾಯ್ಲರ್‌ಗಿಂತ ರೇಟು ಜಾಸ್ತಿ. ಪಕ್ಕದ ಮೊಬೈಲ್ ಅಂಗಡಿಯಲ್ಲಿ "ಇದು ಲೋಕಲ್ ಚಾರ್ಜರ್" ಅಂದರೆ ನಾಳೆ ಸುಟ್ಟುಹೋಗುವ ಮಾಲು ಅಂತ ಅರ್ಥ. ಅದು ಊರಲ್ಲಿ ತಯಾರಾದದ್ದೂ ಅಲ್ಲ! 'ಊರ' ಅಂದರೆ ಮರ್ಯಾದೆ, ಅದನ್ನೇ ಇಂಗ್ಲಿಷಿಗೆ ತಿರುಗಿಸಿದರೆ ಅವಮಾನ. ಇದು ಎಂತ ಲಾಜಿಕ್?

ಅಡಿಕೆ ತೋಟದಲ್ಲಿ ನೋಡಿ. ವಿಟ್ಲದ ಸಂಶೋಧನಾ ಕೇಂದ್ರದಿಂದ 1972ರಲ್ಲಿ ಬಂದ 'ಮಂಗಳ' ತಳಿಯ ಮೂಲ ಚೀನಾ. 'ಸುಮಂಗಳ'ದ್ದು ಇಂಡೋನೇಷ್ಯಾ. ನಮ್ಮದೇ ಹಳೇ ತಳಿಯ ಹೆಸರು 'ಸೌತ್ ಕೆನರಾ ಲೋಕಲ್'. ವಿಜ್ಞಾನಿಗಳಿಗೆ ಅದು ಬರೇ ವಿಳಾಸ.

ನಮ್ಮ ಕಸುಬಿನಲ್ಲೂ ಅಷ್ಟೇ. ವೇರಿಯಬಲ್ ಆದಷ್ಟು ಲೋಕಲ್ ಆಗಿರಲಿ, ಸುಮ್ಮಸುಮ್ಮನೆ ಗ್ಲೋಬಲ್ ಮಾಡಬೇಡ ಅಂತ ಕೋಡ್ ರಿವ್ಯೂನಲ್ಲಿ ಜೂನಿಯರ್‌ಗಳಿಗೆ ಬುದ್ಧಿ ಹೇಳುತ್ತೇವೆ. ಅದೇ ಜೂನಿಯರ್ ಊರಿನ ಧಾಟಿಯಲ್ಲಿ "ಬಗ್ ಉಂಟು ಸರ್" ಅಂದರೆ ನಗುತ್ತೇವೆ.

ಒಂದು ಪದಕ್ಕೆ ಇಷ್ಟು ರಾದ್ಧಾಂತ ಯಾಕೆ ಅನ್ನಬಹುದು. ಕೋಳಿ, ಚಾರ್ಜರ್ ಏನಾದರೂ ಆಗಲಿ, ನನ್ನ ತಕರಾರು ಇರುವುದು ಈ ನಗುವಿನ ಬಗ್ಗೆ. ಸುಳ್ಯದ ಕಡೆ ಮನೆಮನೆಯ ಮಾತಾದ ಅರೆಭಾಷೆಗೆ ಸರಕಾರ 2011ರಲ್ಲಿ ಅಕಾಡೆಮಿ ಕೊಟ್ಟಿತು. ಆದರೆ ಅಮ್ಮನ ಫೋನು ಬಂದರೆ ಅದೇ ಭಾಷೆಯಲ್ಲಿ ಮಾತಾಡಲಿಕ್ಕೆ ಖಾಲಿ ಮೀಟಿಂಗ್ ರೂಮು ಹುಡುಕುವವರಿದ್ದಾರೆ. ಹೀಗೆ ಅಡಗಿಸಿಟ್ಟ ಮಾತನ್ನು ನಾಳೆ ಮಕ್ಕಳಿಗೆ ಕಲಿಸುವವರು ಯಾರು? ಅಕಾಡೆಮಿ ಪುಸ್ತಕ ತರಬಹುದು, ನಮ್ಮ ಮನೆಗೆ ಬಂದು ಮಾತಾಡಲಿಕ್ಕಾಗುತ್ತದಾ?

ಕಳಪೆ ಮಾಲಿಗೆ ಕಳಪೆ ಅನ್ನಿ. ಒರಟರಿಗೆ ಒರಟರು ಅನ್ನಿ. ಕನ್ನಡದಲ್ಲಿ ಬೈಗುಳಕ್ಕೇನೂ ಬರ ಇಲ್ಲ. ಒಬ್ಬ ಹುಟ್ಟಿದ ಜಾಗವನ್ನೇ ಅವನ ದೋಷ ಮಾಡಬೇಡಿ.

ಹಲ್ಲು ಕೀಳುವ ಮೊದಲು ಡಾಕ್ಟರು ಒಂದು 'ಲೋಕಲ್' ಕೊಡ್ತಾರಲ್ಲ, ಆಗ ಬಾಯಿ ಮರಗಟ್ಟುತ್ತದೆ. ಅದನ್ನೇ ನಾವು ಒಂದು ಮಾತಿನಲ್ಲಿ ಕೊಡುತ್ತಿದ್ದೇವೆ. ಡಾಕ್ಟರು ಕೊಟ್ಟದ್ದು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.