ಬೆಚ್ಚನೆಯ ಉಡುಪಿನ ವೆಚ್ಚ ಯಾರ ಖಾತೆಗೆ?

ಮಾರಾಟ ಪ್ರತಿನಿಧಿ, ಕೊರಿಯರ್ ನೌಕರ, ಹಾಲು ಹಂಚುವವ, ಮನೆಬಾಗಿಲಿಗೆ ಊಟ ತಲುಪಿಸುವ ಯುವಕ – ಇವರೆಲ್ಲರ ದುಡಿಮೆಯ ಸ್ಥಳ ದ್ವಿಚಕ್ರ ವಾಹನದ ಆಸನವೇ ಆಗಿದೆ. ಕುಲುಮೆಯ ಮುಂದೆ ನಿಲ್ಲುವ ಕಾರ್ಮಿಕನಿಗೆ ಕೈಗವಸು ಒದಗಿಸುವುದು ಮಾಲೀಕನ ಹೊಣೆಯೆಂಬುದನ್ನು ಇಂದು ಯಾವ ಉದ್ಯಮಿಯೂ ಪ್ರಶ್ನಿಸುವುದಿಲ್ಲ. ಆದರೆ ಜನವರಿಯ ಮುಂಜಾನೆ ಐದು ಗಂಟೆಗೆ ಬೈಕ್ ಏರುವವನ ಕೈಗವಸು ಮಾತ್ರ ಅವನ ಸ್ವಂತ ಖರ್ಚೆಂದೇ ಭಾವಿಸಲಾಗಿದೆ. ಈ ಭೇದಕ್ಕೆ ನ್ಯಾಯದ ಆಧಾರವಿಲ್ಲ. ಲೆಕ್ಕದ ಆಧಾರವಂತೂ ಇಲ್ಲವೇ ಇಲ್ಲ.

ಚಳಿಯೆಂಬುದು ಕೇವಲ ಉಷ್ಣಮಾಪಕದ ಅಂಕಿಯಲ್ಲ. ಅಮೆರಿಕ ಮತ್ತು ಕೆನಡಾದ ಹವಾಮಾನ ಇಲಾಖೆಗಳು 2001ರಿಂದ ಅನುಸರಿಸುತ್ತಿರುವ ಸೂತ್ರದ ಪ್ರಕಾರ, 5 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 1 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಗಾಳಿ ನಿಶ್ಚಲವಾಗಿದ್ದರೂ ಸವಾರನು ತನ್ನ ವೇಗದಿಂದಲೇ ಅದನ್ನು ಸೃಷ್ಟಿಸಿಕೊಳ್ಳುತ್ತಾನೆ. ದೆಹಲಿಯ ಜನವರಿ ಮುಂಜಾನೆಗಳಲ್ಲಿ 5 ಡಿಗ್ರಿ ಅಪರೂಪವೇನಲ್ಲ. ಉತ್ತರದ ನಗರಗಳಲ್ಲಿ ಶಾಖೆಗಳನ್ನು ಹೊಂದಿರುವ ರಾಜ್ಯದ ಸಂಸ್ಥೆಗಳಿಗೆ ಇದು ದೂರದ ಸಂಗತಿಯಲ್ಲ. ರಾಜ್ಯದೊಳಗೇ ಬೀದರ್‌ನಲ್ಲಿ ಶೀತಗಾಳಿಯ ದಿನಗಳಂದು ಉಷ್ಣತೆ 10 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅದೇ ವೇಗದಲ್ಲಿ ಸವಾರನಿಗೆ ಅದು ಐದಾರು ಡಿಗ್ರಿಯ ಚಳಿ.

ಶರೀರವು ತಂಪಾದಾಗ ಹೃದಯ, ಶ್ವಾಸಕೋಶಗಳನ್ನು ಕಾಪಾಡುವ ಸಲುವಾಗಿ ಕೈಕಾಲುಗಳ ತುದಿಗೆ ಹರಿಯುವ ರಕ್ತವನ್ನು ಮೊದಲು ಕಡಿಮೆ ಮಾಡುತ್ತದೆ. (ನಗದಿನ ಕೊರತೆ ಬಂದಾಗ ಕೇಂದ್ರ ಕಚೇರಿಯು ಶಾಖೆಗಳ ವೆಚ್ಚಕ್ಕೆ ಕತ್ತರಿ ಹಾಕುವ ರೀತಿಯೂ ಇದೇ.) ಆದರೆ ಬ್ರೇಕ್ ಮತ್ತು ಕ್ಲಚ್ ಹಿಡಿಯಬೇಕಾದದ್ದು ಆ ಬೆರಳುಗಳೇ. ಗಂಟೆಗೆ 50 ಕಿ.ಮೀ. ವೇಗದ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಜೋಮುಗಟ್ಟಿದ ಬೆರಳು ಅರ್ಧ ಸೆಕೆಂಡ್ ತಡಮಾಡಿದರೆ 7 ಮೀಟರ್ ಹೋಯಿತು.

ವಿದ್ಯುತ್ತಿನಿಂದ ಬಿಸಿಯಾಗುವ ಸವಾರಿ ಉಡುಪಿನ ಇತಿಹಾಸದಲ್ಲಿ ಉದ್ಯಮಿಗಳು ಗಮನಿಸಬೇಕಾದ ಒಂದು ಅಂಶವಿದೆ. 1970ರ ದಶಕದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಯಂತ್ರಾಗಾರ ನಡೆಸುತ್ತಿದ್ದ ಗಾರ್ಡನ್ ಗರ್ಬಿಂಗ್ ಎಂಬವರು, ಬೈಕಿನಲ್ಲಿ ಕೆಲಸಕ್ಕೆ ಬರುತ್ತಿದ್ದ ತಮ್ಮ ನೌಕರರಿಗಾಗಿಯೇ ಇಂಥ ಉಡುಪನ್ನು ತಯಾರಿಸತೊಡಗಿದರು. ಅದು ಮುಂದೆ ಪ್ರತ್ಯೇಕ ಉದ್ಯಮವಾಗಿ ಬೆಳೆಯಿತು. ಉಡುಪಿನ ಒಳಪದರದಲ್ಲಿ ಹಾಯುವ ಸೂಕ್ಷ್ಮ ತಂತಿಗಳು ವಾಹನದ 12 ವೋಲ್ಟ್ ವಿದ್ಯುತ್ತಿನಿಂದ ಬಿಸಿಯಾಗುತ್ತವೆ. ಮುಂಡವನ್ನು ಬೆಚ್ಚಗಿಟ್ಟರೆ ಬೆರಳುಗಳಿಗೂ ರಕ್ತ ಹರಿಯುವುದರಿಂದ, ಕೈಗವಸಿನಷ್ಟೇ ಒಳಕೋಟೂ ಮುಖ್ಯ.

ಇಲ್ಲಿಯೂ ಒಂದು ಆಯವ್ಯಯವಿದೆ. ಆಲ್ಟರ್ನೇಟರ್ ಉತ್ಪಾದಿಸುವ ವಿದ್ಯುತ್ತು ಆದಾಯ. ಇಗ್ನಿಷನ್ ಮತ್ತು ದೀಪ ಕಡ್ಡಾಯ ವೆಚ್ಚ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲಿನಲ್ಲೂ ಉರಿಯುತ್ತಿರಬೇಕಾಗಿದೆ. ಉಳಿಕೆಯಷ್ಟೇ ಉಡುಪಿಗೆ. ದೊಡ್ಡ ಪ್ರವಾಸಿ ಬೈಕುಗಳಲ್ಲಿ ಈ ಉಳಿಕೆ ಧಾರಾಳವಾಗಿದ್ದರೆ, ಹಂಚಿಕೆಯ ಕೆಲಸಕ್ಕೆ ಬಳಸುವ ನೂರು ಸಿಸಿಯ ಬೈಕುಗಳಲ್ಲಿ ಅತ್ಯಲ್ಪ. 12 ವೋಲ್ಟ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 48 ವ್ಯಾಟ್-ಅವರ್. 75 ವ್ಯಾಟ್‌ನ ಒಳಕೋಟಿಗೆ ಬ್ಯಾಟರಿಯೊಂದೇ ಆಧಾರವಾದರೆ 40 ನಿಮಿಷವೂ ಬಾರದು. ಆದುದರಿಂದ ಇಂಥ ಬೈಕುಗಳಿಗೆ ಸ್ವಂತ ಲಿಥಿಯಂ ಬ್ಯಾಟರಿಯುಳ್ಳ ಕೈಗವಸೇ ಯೋಗ್ಯ. ವಿದ್ಯುತ್ ಸ್ಕೂಟರಿನ ಸ್ಥಿತಿ ಬೇರೆ. ಅದರಲ್ಲಿ 3 ಕಿಲೋವ್ಯಾಟ್-ಅವರ್ ಬ್ಯಾಟರಿಯಿದ್ದರೆ, 25 ವ್ಯಾಟ್‌ನ ಕೈಗವಸುಗಳ ಜೋಡಿ ನಾಲ್ಕು ಗಂಟೆಯಲ್ಲಿ ಬಳಸುವುದು ಅದರ ಶೇ. 3ರಷ್ಟನ್ನು ಮಾತ್ರ. ಆದರೆ ತಯಾರಕರ ಅನುಮತಿಯಿಲ್ಲದೆ ತಂತಿ ಜೋಡಿಸಿದರೆ ವಾರಂಟಿಗೆ ಧಕ್ಕೆಯಾದೀತು.

ಇನ್ನು ತೆರಿಗೆಯ ವಿಚಾರ. 2025ರ ಸೆಪ್ಟೆಂಬರ್ 22ರಂದು 350 ಸಿಸಿವರೆಗಿನ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಅದೇ ದಿನ 2,500 ರೂಪಾಯಿಗಿಂತ ಹೆಚ್ಚು ಬೆಲೆಯ ಸಿದ್ಧ ಉಡುಪಿನ ಮೇಲಿನ ದರ ಶೇ. 12ರಿಂದ 18ಕ್ಕೆ ಏರಿತು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪನ್ನು ಸುಂಕಪಟ್ಟಿಯ 85ನೇ ಅಧ್ಯಾಯದ ಟಿಪ್ಪಣಿಯು ವಿದ್ಯುತ್ ಉಪಕರಣಗಳ ಗುಂಪಿನಿಂದ ಸ್ಪಷ್ಟವಾಗಿ ಹೊರಗಿಟ್ಟಿರುವುದರಿಂದ ಅದು ಉಡುಪೇ. ಬೈಕ್ ಅಗ್ಗವಾಯಿತು, ಅದರ ಮೇಲೆ ಕುಳಿತವನ ಕೋಟು ತುಟ್ಟಿಯಾಯಿತು. ರಕ್ಷಣಾ ಉಡುಪನ್ನು ಮದುವೆಯ ಸೂಟಿನ ಸಾಲಿಗೆ ಸೇರಿಸಿದ ಈ ವ್ಯವಸ್ಥೆಯ ಬಗ್ಗೆ ವಾಣಿಜ್ಯ ಸಂಸ್ಥೆಗಳು ಜಿಎಸ್‌ಟಿ ಮಂಡಳಿಗೆ ಮನವಿ ಸಲ್ಲಿಸುವುದು ಉಚಿತ.

ಆದರೆ ಮಂಡಳಿಯ ತೀರ್ಮಾನಕ್ಕೆ ಕಾಯದೆಯೇ ಮಾಡಬಹುದಾದುದು ಇದೆ. ತೆರಿಗೆ ಹೊರತುಪಡಿಸಿ 9,000 ರೂಪಾಯಿ ಬೆಲೆಯ ಒಳಕೋಟನ್ನು ಸವಾರನೇ ಕೊಂಡರೆ ಅವನ ಕೈಯಿಂದ 10,620 ರೂಪಾಯಿ ಹೋಗುತ್ತದೆ. 1,620 ರೂಪಾಯಿಯನ್ನು ಮರಳಿ ಪಡೆಯುವ ಮಾರ್ಗ ಅವನಿಗಿಲ್ಲ. ನೋಂದಾಯಿತ ಸಂಸ್ಥೆಯು ವ್ಯವಹಾರದ ಉಪಯೋಗಕ್ಕೆಂದು ಕೊಂಡರೆ ಆ ಮೊತ್ತವನ್ನು ಇನ್‌ಪುಟ್ ತೆರಿಗೆ ಕ್ರೆಡಿಟ್ ಆಗಿ ಪಡೆಯಲು ಅವಕಾಶವಿದೆ. ಉಳಿದ 9,000 ರೂಪಾಯಿಯೂ ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ವೆಚ್ಚವೇ. ಉಡುಪು ಮೂರು ಚಳಿಗಾಲ, ವರ್ಷಕ್ಕೆ 60 ದಿನದಂತೆ ಬಾಳಿದರೆ ಸಂಸ್ಥೆಗೆ ದಿನಕ್ಕೆ ತಗಲುವುದು 50 ರೂಪಾಯಿ. ಅಂದರೆ ವೆಚ್ಚವನ್ನು ಹೊರಲು ಹೆಚ್ಚು ಶಕ್ತನಾದವನಿಗೆ ವಸ್ತು ಅಗ್ಗ, ಅಶಕ್ತನಿಗೆ ತುಟ್ಟಿ. ಹೀಗಿದ್ದೂ ಖರೀದಿಯನ್ನು ಅಶಕ್ತನಿಗೇ ಬಿಡುವುದು ಜಿಪುಣತನವೂ ಅಲ್ಲ, ಲೆಕ್ಕ ಬಾರದಿರುವಿಕೆ.

ಇಲ್ಲೊಂದು ಎಚ್ಚರಿಕೆ ಅವಶ್ಯ. ದೀಪಾವಳಿಯ ಉಡುಗೊರೆಯೆಂದು ಹಂಚಿದರೆ ಜಿಎಸ್‌ಟಿ ಕಾಯ್ದೆಯ 17(5)ನೇ ವಿಧಿಯು ಕ್ರೆಡಿಟ್ ನಿರಾಕರಿಸುತ್ತದೆ. ಆದುದರಿಂದ ಕೆಲಸದ ಸಾಧನವೆಂದು ದಾಸ್ತಾನು ಪುಸ್ತಕದಲ್ಲಿ ನಮೂದಿಸಿ, ಸಹಿ ಪಡೆದು, ಋತು ಮುಗಿದ ಮೇಲೆ ಹಿಂಪಡೆಯುವ ಪದ್ಧತಿಯೇ ಕ್ಷೇಮ.

ಗಾಳಿ ತಡೆಯದ ಹೊರಕೋಟಿನೊಳಗೆ ಎಷ್ಟು ವ್ಯಾಟ್ ಸುರಿದರೂ ನಷ್ಟವೇ ಎಂಬುದನ್ನೂ ಖರೀದಿ ವಿಭಾಗ ಅರಿತಿರಬೇಕು. ಪತ್ರಿಕೆ ಹಂಚುವ ಹುಡುಗರು ಅಂಗಿಯೊಳಗೆ ಒಂದು ಪತ್ರಿಕೆ ಸಿಕ್ಕಿಸಿಕೊಳ್ಳುವುದರ ಹಿಂದಿರುವುದು ಇದೇ ವಿಜ್ಞಾನ. ಹ್ಯಾಂಡಲ್‌ಗೆ ತೊಡಿಸುವ ಗಾಳಿತಡೆಯ ಚೀಲಗಳ ಬೆಲೆ ಅಲ್ಪ. ಮೊದಲ ಖರೀದಿ ಅವೇ ಆಗಲಿ. ಸುಮಾರು 45 ಡಿಗ್ರಿಯ ಶಾಖವೂ ಗಂಟೆಗಟ್ಟಲೆ ಒಂದೇ ಕಡೆ ತಾಗಿದರೆ ಚರ್ಮ ಸುಡುತ್ತದೆ, ಮಧುಮೇಹಿಗಳಿಗೆ ಅದರ ಅರಿವೂ ಆಗದೇ ಹೋಗಬಹುದು. ಹಾಗಾಗಿ ಶಾಖ ನಿಯಂತ್ರಕ ಮತ್ತು ಫ್ಯೂಸ್ ಇಲ್ಲದ ಸರಕು ಬೇಡ. ಇನ್ನು ರಿಯಾಯಿತಿಯ ಆಸೆಗೆ ಒಂದೇ ಅಳತೆಯ ನೂರು ಜೋಡಿ ಕೊಳ್ಳುವುದುಂಟು. ಕೈಗವಸು ಸಡಿಲವಾದರೆ ಶಾಖ ಬೆರಳಿಗೆ ತಲುಪದು, ಬಿಗಿಯಾದರೆ ರಕ್ತವೇ ಹರಿಯದು. ಆದೇಶ ನೀಡುವ ಮೊದಲು ಪ್ರತಿಯೊಬ್ಬ ಸವಾರನ ಕೈಯ ಅಳತೆ ತೆಗೆದುಕೊಳ್ಳಬೇಕು.