ಆರೋಗ್ಯ ದಾಸೋಹ: ಒಂದು ವಿಜ್ಞಾಪನೆ

'ಉಗುರಿನಿಂದ ಹೋಗುವುದಕ್ಕೆ ಕೊಡಲಿ ಏಕೆ?' ಎಂಬುದು ನಮ್ಮ ಹಿರಿಯರ ನುಡಿ. ಮೊಳಕೆಯಲ್ಲಿಯೇ ಚಿವುಟಬಹುದಾದುದನ್ನು ಮರವಾಗಗೊಟ್ಟು, ಬಳಿಕ ಕಡಿಯಲು ಹೆಣಗುವ ಅವಿವೇಕವನ್ನು ಈ ಗಾದೆ ಎತ್ತಿ ತೋರಿಸುತ್ತದೆ. ರೋಗದ ವಿಷಯದಲ್ಲಿ ನಮ್ಮ ಸಮಾಜವು ನಡೆದುಕೊಳ್ಳುತ್ತಿರುವ ರೀತಿಗೆ ಇದಕ್ಕಿಂತ ತಕ್ಕ ಮಾತು ಬೇರೊಂದಿಲ್ಲ. ಶ್ರೀಮಠದ ವಿದ್ಯಾಲಯದ ಸ್ಮರಣ ಸಂಚಿಕೆಯಲ್ಲಿ ಭಾಷಾಪಂಡಿತನೊಬ್ಬನು ವೈದ್ಯದ ಮಾತೆತ್ತುವುದು ಕೆಲವರಿಗೆ ವಿಚಿತ್ರವೆನಿಸೀತು. ಆದರೆ ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹದ ಪಂಕ್ತಿಗೆ ಆರೋಗ್ಯವೂ ಸೇರಬೇಕಾದ ಕಾಲವೊದಗಿದೆಯೆಂಬುದು ನನ್ನ ನಮ್ರ ಅಭಿಪ್ರಾಯ.

ಇಳಕಲ್ಲಿನ ನೇಕಾರನಾಗಲಿ, ಅಲ್ಲಿಯ ಕಲ್ಲುಗಣಿಯ ಕೂಲಿಕಾರನಾಗಲಿ, ಬಾದಾಮಿ–ಹುನಗುಂದಗಳ ಒಕ್ಕಲಿಗನಾಗಲಿ, ನೋವಿಲ್ಲದ ಬೇನೆಗೆ ವೈದ್ಯರನ್ನು ಕಾಣುವ ರೂಢಿಯವನಲ್ಲ. ರಕ್ತದೊತ್ತಡಕ್ಕೆ ನೋವಿಲ್ಲ, ಸಕ್ಕರೆ ಕಾಯಿಲೆಯೂ ಬಹುಕಾಲ ಸದ್ದಿಲ್ಲದೆ ಬೆಳೆಯುತ್ತದೆ. ಒಂದು ದಿನ ಲಕ್ವಾ ಹೊಡೆದಾಗ ಬಾಡಿಗೆಯ ವಾಹನದಲ್ಲಿ ಬಾಗಲಕೋಟೆಗೆ, ಅಲ್ಲಿಂದ ಹುಬ್ಬಳ್ಳಿಗೆ ಓಟ ಮೊದಲಾಗುತ್ತದೆ. ಸಾಲವಾಗುತ್ತದೆ, ಎತ್ತು ಮಾರಿಹೋಗುತ್ತವೆ, ಮಗ್ಗ ನಿಲ್ಲುತ್ತದೆ. ಕೊನೆಗೆ ಹಾಸಿಗೆ ಹಿಡಿದವರ ಆರೈಕೆಗೆಂದು ಹಿರಿಮಗಳು ಶಾಲೆ ಬಿಡುತ್ತಾಳೆ. ನಮ್ಮ ಹಾಜರಿ ಪುಸ್ತಕದಲ್ಲಿ ಹೆಸರೊಂದಕ್ಕೆ ಗೆರೆ ಬೀಳುವಾಗ, ಅದರ ಹಿಂದೆ ತಂದೆಯು ನುಂಗದೆ ಬಿಟ್ಟ ಗುಳಿಗೆಯಿರಬಹುದೆಂದು ನಾವು ಎಣಿಸುವುದಿಲ್ಲ.

ಆಸ್ಪತ್ರೆಗಳು ಬೇಡವೆಂದು ನಾನು ಹೇಳುತ್ತಿಲ್ಲ. 1906ರಲ್ಲಿ ಹುಟ್ಟಿದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ವೈದ್ಯಕೀಯ ಮಹಾವಿದ್ಯಾಲಯವನ್ನೂ ಹಾನಗಲ್ಲ ಶ್ರೀ ಕುಮಾರೇಶ್ವರರ ಹೆಸರಿನ ಆಸ್ಪತ್ರೆಯನ್ನೂ ಕಟ್ಟಿ ಬೆಳೆಸಿದುದು ಈ ಭಾಗದ ಭಾಗ್ಯ. ತಿಂಗಳಿಗೆ ಐದು ರೂಪಾಯಿಯ ವಂತಿಗೆಯಿಂದ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯು ಸಹಕಾರಿ ರೈತರಿಗೆ ಶಸ್ತ್ರಚಿಕಿತ್ಸೆಯನ್ನು ಎಟುಕಿಸಿತು. 2018ರ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕವು ಬಡಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ಅಭಯವಿತ್ತಿತು. ಇವೆಲ್ಲ ಸ್ತುತ್ಯವೇ ಸರಿ. ಆದರೆ ಇವು ಬಹುಮಟ್ಟಿಗೆ ಮನುಷ್ಯನು ಹಾಸಿಗೆ ಹಿಡಿದ ಮೇಲೆ ನೆರವಿಗೆ ಬರುವಂಥವು. ನಿತ್ಯದ ಗುಳಿಗೆಯ ವೆಚ್ಚವನ್ನು ಹೊರುವಂಥವಲ್ಲ. 2021–22ರ ರಾಷ್ಟ್ರೀಯ ಲೆಕ್ಕದಂತೆ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡಾ 39ರಷ್ಟನ್ನು ಜನರು ತಮ್ಮ ಕೈಯಿಂದಲೇ ತೆತ್ತಿದ್ದಾರೆ. ಕೊಡಲಿಗೆ ಹಣ ಒದಗಿಸಿದೆವು, ಉಗುರನ್ನು ಮರೆತೆವು.

ಉಗುರಿನ ಉಪಾಯವು ಹೊಸದೇನಲ್ಲ. 1946ರ ಭೋರ್ ಸಮಿತಿಯ ವರದಿಯೂ 1978ರ ಆಲ್ಮಾ ಆಟಾ ಘೋಷಣೆಯೂ ಪ್ರಾಥಮಿಕ ಆರೋಗ್ಯವೇ ಬುನಾದಿಯೆಂದು ಸಾರಿದವು. ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೊಂದು ಉಪಕೇಂದ್ರವೆಂಬುದು ನಿಯಮ. 2018ರಿಂದೀಚೆಗೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯಾಧಿಕಾರಿಗಳನ್ನು ನೇಮಿಸಿ, ರಕ್ತದೊತ್ತಡ ಮತ್ತು ಮಧುಮೇಹಗಳ ತಪಾಸಣೆಯನ್ನೂ ಔಷಧ ವಿತರಣೆಯನ್ನೂ ವಹಿಸಲಾಗಿದೆ. ಪಟ್ಟಣಗಳಿಗೆ 2022ರಲ್ಲಿ 'ನಮ್ಮ ಕ್ಲಿನಿಕ್' ಬಂದಿತು. ಮನೆಬಾಗಿಲಲ್ಲೇ ತಪಾಸಣೆ ನಡೆಸುವ 'ಗೃಹ ಆರೋಗ್ಯ' ಯೋಜನೆ 2024ರಲ್ಲಿ ಮೊದಲಾಯಿತು. ಸೇವಾಸಂಸ್ಥೆಯೊಂದು ಇಂತಹ ಕಾರ್ಯಕ್ಕೆ ಹೆಗಲು ಕೊಡಬಲ್ಲದೆಂಬುದಕ್ಕೂ ನಿದರ್ಶನವಿದೆ. ಯಳಂದೂರು ತಾಲೂಕಿನ ಗುಂಬಳ್ಳಿಯ ಸರಕಾರಿ ಆರೋಗ್ಯ ಕೇಂದ್ರವನ್ನು ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲಿ ನಿರ್ವಹಣೆಗೆ ವಹಿಸಿಕೊಂಡು ನಡೆಸಿತು. ಇಲ್ಲಿ ವೆಚ್ಚವು ತಗ್ಗುವ ಮರ್ಮವು ಸರಳವಾಗಿದೆ: ಊರಿನ ಪರಿಚಯವುಳ್ಳ ದಾದಿಯು ರೋಗವನ್ನು ಮೊದಲೇ ಗುರುತಿಸುತ್ತಾಳೆ; ಗುಳಿಗೆ ತಪ್ಪಿದರೆ ವಿಚಾರಿಸುತ್ತಾಳೆ; ದೊಡ್ಡ ಆಸ್ಪತ್ರೆಯ ಅಗತ್ಯವುಳ್ಳವರನ್ನು ಮಾತ್ರ ಅಲ್ಲಿಗೆ ಕಳುಹಿಸುತ್ತಾಳೆ.

ನಮ್ಮ ನೆಲದಲ್ಲಿಯೇ ಇದಕ್ಕೊಂದು ಮೇಲ್ಪಂಕ್ತಿಯಿದೆ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತಪ್ಪಗಳು 1975ರಲ್ಲಿ 'ಮಹಾಂತ ಜೋಳಿಗೆ'ಯನ್ನು ಹೆಗಲಿಗೇರಿಸಿದರು. ಅವರು ಬೇಡಿದ್ದು ಜೋಳವನ್ನಲ್ಲ, ಕಾಸನ್ನಲ್ಲ. ಕುಡಿತ, ತಂಬಾಕು ಮೊದಲಾದ ದುಶ್ಚಟಗಳನ್ನು. 2018ರಲ್ಲಿ ಲಿಂಗೈಕ್ಯರಾದ ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯವು ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ. ರೋಗವು ಒಳಹೊಗುವ ಬಾಗಿಲನ್ನೇ ಮುಚ್ಚಿದ ಆ ಜೋಳಿಗೆಗಿಂತ ಅಗ್ಗದ ಚಿಕಿತ್ಸಾಲಯವಾವುದು? ಶರಣರ ಬಳಗದಲ್ಲಿಯೂ ವೈದ್ಯ ಸಂಗಣ್ಣನಿದ್ದನು. ಅವನಿಗೆ ವೈದ್ಯವೇ ಕಾಯಕವಾಗಿತ್ತು.

'ಇದು ಸರಕಾರದ ಕೆಲಸ, ಮಠಕ್ಕೇಕೆ?' ಎಂದು ಕೇಳುವವರುಂಟು. ಅಕ್ಷರವೂ ಸರಕಾರದ ಕೆಲಸವೇ. ಆದರೂ ಮಠಗಳು ಕಾದು ಕೂರಲಿಲ್ಲ. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಯಾರ ಅಪ್ಪಣೆಗೂ ಕಾಯಲಿಲ್ಲ. ಸರಕಾರದ ಕೆಲಸವನ್ನು ನಾವು ಕಸಿದುಕೊಳ್ಳಬೇಕಾಗಿಲ್ಲ. ಅದು ಜನರಿಗೆ ಮುಟ್ಟುವಂತೆ ಮಾಡಿದರೆ ಸಾಕು. ಇನ್ನು ದಾನಿಗಳಲ್ಲಿ ಒಂದು ಸಂಕೋಚವುಂಟು. ಕಟ್ಟಡಕ್ಕೆ ಕೊಟ್ಟರೆ ಗೋಡೆಯ ಮೇಲೆ ಹೆಸರು ಕೆತ್ತಿಸಬಹುದು. ಗುಳಿಗೆಯ ಮೇಲೆ ಕೆತ್ತಿಸಲಾಗದು. ಬಾರದ ಲಕ್ವಾಕ್ಕೆ ಶಿಲಾಫಲಕವಿಲ್ಲ. ಆದರೆ 'ನಾನು ಕೊಟ್ಟೆ' ಎಂಬ ಭಾವವಳಿದ ದಾನವೇ ದಾಸೋಹವೆಂದು ಶರಣಧರ್ಮವು ನಮಗೆ ಕಲಿಸಿದೆಯಲ್ಲವೆ?

ಆದುದರಿಂದ ಮೂರು ಸೂಚನೆಗಳನ್ನು ಹಿರಿಯರ ಮುಂದಿಡುತ್ತೇನೆ. ಒಂದು, ತಿಂಗಳಿಗೊಂದು ದಿನ ಶಾಲೆಯ ಒಂದು ಕೊಠಡಿಯನ್ನು ಸಮೀಪದ ಉಪಕೇಂದ್ರದ ಸಿಬ್ಬಂದಿಗೆ ಬಿಟ್ಟುಕೊಟ್ಟು, ಪಾಲಕರೆಲ್ಲರ ರಕ್ತದೊತ್ತಡ, ಸಕ್ಕರೆಯ ತಪಾಸಣೆ ನಡೆಯಲಿ. ಎರಡು, ಹಳೆಯ ವಿದ್ಯಾರ್ಥಿಗಳು ಕೂಡಿಸುವ ನಿಧಿಯಲ್ಲಿ ಒಂದು ಪಾಲು, ಸರಕಾರಿ ಕೇಂದ್ರದಲ್ಲಿ ಔಷಧ ತೀರಿದ ತಿಂಗಳಲ್ಲಿ ಬಡವರ ಗುಳಿಗೆಗೆ ಮೀಸಲಾಗಲಿ. ಮೂರು, ಆಗಸ್ಟ್ 1ರ ಆಚರಣೆಯು ಮೆರವಣಿಗೆಯಲ್ಲಿ ಮುಗಿಯದೆ, ಅಂದು ಚಟ ಬಿಟ್ಟವರನ್ನು ಶಿಕ್ಷಕರು ವರ್ಷಪೂರ್ತಿ ಕಂಡು ಮಾತನಾಡಿಸಲಿ.

'ಸ್ವಸ್ಥ' ಎಂದರೆ ತನ್ನಲ್ಲಿ ತಾನು ನೆಲೆನಿಂತವನು ಎಂದರ್ಥ. ತನ್ನ ಮನೆಯಲ್ಲಿ, ತನ್ನ ಕಾಯಕದಲ್ಲಿ ಮನುಷ್ಯನನ್ನು ನೆಲೆನಿಲ್ಲಿಸುವುದೇ ನಿಜವಾದ ವೈದ್ಯ. ಶ್ರೀಮಠದ ಕೃಪೆಯಿಂದಲೂ ದಾನಿಗಳ ಔದಾರ್ಯದಿಂದಲೂ ಈ ನಾಲ್ಕನೆಯ ದಾಸೋಹವು ಬೇಗನೆ ಕೈಗೂಡಲೆಂದು ಹಾರೈಸುತ್ತೇನೆ.