ಈರುಳ್ಳಿಯ ತಕ್ಕಡಿಗೆ ಮುದ್ರೆಯುಂಟು

ತುರ್ಭೆಯ ಎಪಿಎಂಸಿ ಮಾರುಕಟ್ಟೆಯಲ್ಲಿ ಈರುಳ್ಳಿಯ ಮೂಟೆ ತೂಗುವ ವಿದ್ಯುನ್ಮಾನ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೊಡ್ಡಿ ಸರ್ಕಾರಿ ಮುದ್ರೆ ಹಾಕಿಸಬೇಕು. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ, ಅದರ ಬೆನ್ನಿಗೆ 2011ರಲ್ಲಿ ಬಂದ ನಿಯಮಗಳು ಹಾಗೆಂದು ವಿಧಿಸಿವೆ. ಕಿಲೋ ಈರುಳ್ಳಿಯಲ್ಲಿ ಐವತ್ತು ಗ್ರಾಂ ಕಡಿಮೆಯಾದರೆ ಜಗಳಕ್ಕೆ ನಿಲ್ಲುವ ಹಕ್ಕು ಗಿರಾಕಿಗಿದೆ. ಆ ಮಾರುಕಟ್ಟೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ನಮ್ಮ ಮನೆಯಲ್ಲಿ, ಎಪ್ಪತ್ತಮೂರು ವರ್ಷದ ಅವ್ವನ ತೋಳಿಗೆ ಅಂಟಿಸಿದ, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡ ಬಿಲ್ಲೆಯೊಂದು ಹಗಲಿರುಳೂ ಅವಳ ಸಕ್ಕರೆಯನ್ನು ತೂಗುತ್ತದೆ. ಈ ತೂಕ ತಪ್ಪಿದಾಗ ಜಗಳಕ್ಕೆ ನಿಲ್ಲಬೇಕಾದದ್ದು ಯಾರೊಡನೆ, ಎಲ್ಲಿ, ಯಾವ ಮುದ್ರೆಯನ್ನು ತೋರಿಸಿ ಎಂಬುದು ನಮಗೆ ಕಳೆದ ಜನವರಿಯವರೆಗೆ ತಿಳಿದಿರಲಿಲ್ಲ.

ಆ ತಿಂಗಳ ಒಂದು ರಾತ್ರಿ ಎರಡೂವರೆಗೆ ಫೋನು ಅರಚಿಕೊಂಡಿತು. ಪರದೆಯ ಮೇಲೆ 54. ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆ 70ರ ಕೆಳಗಿಳಿದರೆ ಏನಾಗಬಹುದೆಂದು ಅರಿತಿದ್ದ ನಾವು ಅವ್ವನನ್ನು ಎಬ್ಬಿಸಿ, ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕುಡಿಸಿದೆವು. ಕಾಲು ಗಂಟೆಯ ಬಳಿಕ ನೋಡಿದರೆ 51. ಮತ್ತೊಂದು ಲೋಟ. ಅಷ್ಟರಲ್ಲಿ ನಮ್ಮಾಕೆಗೆ ಕಪಾಟಿನಲ್ಲಿದ್ದ ಹಳೆಯ ಗ್ಲುಕೋಮೀಟರಿನ ನೆನಪಾಯಿತು. ಬೆರಳು ಚುಚ್ಚಿ ಪಟ್ಟಿಗೆ ರಕ್ತ ಮುಟ್ಟಿಸಿದರೆ 268! ಕೈತೊಳೆಸಿ ಇನ್ನೊಂದು ಬೆರಳಿಗೆ ಚುಚ್ಚಿದೆವು, 274. ತೋಳಿನ ಬಿಲ್ಲೆ ಮಾತ್ರ ಅಚಲವಾಗಿ 58 ಎನ್ನುತ್ತಿತ್ತು. ಅವ್ವ ನಿದ್ದೆಗಣ್ಣಿನಲ್ಲೇ ಕೇಳಿದಳು: ‘ಅಲ್ಲಪಾ, ತೋಳಿಗೆ ಅಂಟಿಸಿದ್ದನ್ನ ನಂಬೂದೋ, ಬಟ್ಟು ಚುಚ್ಚಿದ್ದನ್ನ ನಂಬೂದೋ?’

ಈ ಯಂತ್ರದ ಮೇಲೆ ನಮಗೆ ಹಗೆಯಿಲ್ಲವೆಂದು ಮೊದಲೇ ಹೇಳಿಬಿಡಬೇಕು. ದಿನಕ್ಕೆ ನಾಲ್ಕು ಬಾರಿ ಚುಚ್ಚಿಸಿಕೊಂಡು ಕಲ್ಲಾಗಿದ್ದ ಬೆರಳುಗಳಿಗೆ ಅದು ಬಿಡುವು ಕೊಟ್ಟಿದೆ. ಊಟದ ನಂತರದ ಏರು, ನಸುಕಿನ ಇಳಿತ ಎರಡನ್ನೂ ಗೆರೆಯಾಗಿ ಬರೆದು ತೋರಿಸಿದೆ. ಅದರ ಮಿತಿಗಳನ್ನೂ ನಾವು ಒಪ್ಪುತ್ತೇವೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿ ಜೀವಕೋಶಗಳ ನಡುವೆ ಇರುವ ದ್ರವವನ್ನು. ಆದುದರಿಂದ ಸಕ್ಕರೆ ವೇಗವಾಗಿ ಏರಿಳಿಯುವಾಗ ಕೆಲವು ನಿಮಿಷ ಹಿಂದುಳಿಯುತ್ತದೆ. ಅಂಟಿಸಿದ ಮೊದಲ ದಿನ ಅದರ ಮಾತು ಅಷ್ಟಾಗಿ ನಂಬತಕ್ಕದ್ದಲ್ಲ. ಆ ತೋಳಿನ ಮೇಲೆ ಒರಗಿ ಮಲಗಿದರೆ ಒತ್ತಡದಿಂದ ಸುಳ್ಳು ಇಳಿತ ತೋರುವುದುಂಟು. ಕೆಲವು ಮಾದರಿಗಳಲ್ಲಿ ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದವರಿಗೆ ಸುಳ್ಳು ಏರಿಕೆ ಕಾಣುತ್ತದೆ. ಇವನ್ನೆಲ್ಲ ತಿಳಿದುಕೊಂಡೇ ನಾವು ಮರುದಿನವೂ ಅದರ ಮರುದಿನವೂ ಅವ್ವ ಕುಳಿತಿದ್ದಾಗ, ಊಟಕ್ಕೆ ಮುಂಚೆ, ಗೆರೆ ನೆಟ್ಟಗಿದ್ದ ಹೊತ್ತು ನೋಡಿ ಹೋಲಿಸಿದೆವು. ವ್ಯತ್ಯಾಸ ನೂರರ ಮೇಲೆಯೇ ಇತ್ತು. ಅದು ಸೆನ್ಸರಿನ ಒಂಬತ್ತನೆಯ ದಿನ. ಅದರ ಆಯುಷ್ಯ ಹದಿನಾಲ್ಕು.

ಸಹಾಯವಾಣಿಗೆ ಕರೆ ಮಾಡಿದೆವು. ಹಿಂದಿ ಅಥವಾ ಇಂಗ್ಲಿಷ್ ಆರಿಸಿಕೊಳ್ಳಿ ಎಂದಿತು ಧ್ವನಿಮುದ್ರಿಕೆ. ಆಮೇಲೆ ಬಂದ ಹುಡುಗ ಸೌಜನ್ಯವಂತನೇ. ಆದರೆ ಅವನ ಪ್ರಶ್ನಾವಳಿಯಲ್ಲಿ ಪರೀಕ್ಷೆಗೊಳಗಾದದ್ದು ಸೆನ್ಸರ್ ಅಲ್ಲ, ನಾವು. ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿದಿರಾ? ಒಣಗಲು ಬಿಟ್ಟಿರಾ? ತೋಳಿನ ಹಿಂಬದಿಗೇ ಅಂಟಿಸಿದಿರಾ? ಮಲಗಿದ್ದರೇ? ಬಿಲ್ಲು ಯಾರದು? ಅಧಿಕೃತ ಮಾರಾಟಗಾರರದೇ? ಮೊದಲ ದಿನದಿಂದಲೇ ಬೆರಳು ಚುಚ್ಚಿ ಹೋಲಿಸಿದ ದಾಖಲೆ ಇದೆಯೇ? ಬೆರಳು ಚುಚ್ಚುವುದನ್ನು ತಪ್ಪಿಸಲೆಂದೇ ಕೊಂಡ ಉಪಕರಣದ ತಪ್ಪನ್ನು ಸಾಬೀತುಪಡಿಸಲು ಬೆರಳು ಚುಚ್ಚಿದ ದಾಖಲೆ ಬೇಕೆಂಬ ಈ ತರ್ಕಕ್ಕೆ ನಾವು ತಲೆದೂಗಿದೆವು. ಡಿಕನ್ಸ್ ಗೇಲಿ ಮಾಡಿದ್ದ ಸುತ್ತುಬಳಸಿನ ಕಚೇರಿಯನ್ನು ಎಂ.ಎ. ತರಗತಿಯಲ್ಲಿ ಓದಿ ನಕ್ಕು, ಬಳಿಕ ಇಪ್ಪತ್ತು ವರ್ಷ ಅಂಥದೇ ಒಂದು ಕಚೇರಿಯಲ್ಲಿ ಕಡತ ತಳ್ಳುತ್ತ ಬಂದವರು ನಾವು. ನಮ್ಮನ್ನೂ ಮೀರಿಸಿದವರಿದ್ದಾರೆಂದು ತಿಳಿದಿರಲಿಲ್ಲ.

ಲೆಕ್ಕವನ್ನೂ ಹೇಳೋಣ. ಒಂದು ಸೆನ್ಸರಿಗೆ ಸುಮಾರು 5,000 ರೂಪಾಯಿ. ವರ್ಷಕ್ಕೆ 26 ಬೇಕು, ಅಂದರೆ 1,30,000 ರೂಪಾಯಿ. ಕೆಟ್ಟ ಸೆನ್ಸರ್ ಕಳಚಿ ಕಂಪನಿ ಕಳುಹಿಸಿದ ಲಕೋಟೆಯಲ್ಲಿ ಹಿಂದಿರುಗಿಸಿ, ‘ಪರಿಶೀಲನೆ’ ಮುಗಿಯುವವರೆಗೆ ಅವ್ವನನ್ನು ಅಳತೆಯಿಲ್ಲದೆ ಬಿಡುವಂತಿಲ್ಲವಾದ್ದರಿಂದ ಹೊಸದೊಂದನ್ನು ಕೊಂಡೆವು. ಅದರ ಬಿಲ್ಲನ್ನು ಮರುಪಾವತಿಗೆ ಕೊಟ್ಟರೆ, ಎರಡು ವಾರಕ್ಕೆ ಒಂದೇ ಸಾಲದೇ, ಎರಡನೆಯದೇಕೆ ಎಂಬ ಟಿಪ್ಪಣಿಯೊಡನೆ ಹಿಂದಕ್ಕೆ ಬಂತು. ಅಂಥ ಟಿಪ್ಪಣಿಗಳನ್ನು ನಾವೂ ಬರೆದವರೇ. ಇನ್ನು ಮುಂದೆ ಬರೆಯುವಾಗ ಕೈ ತುಸು ತಡೆಯಬಹುದು.

ಇದು ಬಿಡಿ ಮನೆಯೊಂದರ ಗೋಳು ಎನ್ನುವವರು ಹೊರಗಿನ ಸುದ್ದಿಯನ್ನು ಗಮನಿಸಲಿ. 2025ರ ನವೆಂಬರಿನಲ್ಲಿ ಅಬಾಟ್ ಕಂಪನಿ ತನ್ನ ಫ್ರೀಸ್ಟೈಲ್ ಲಿಬ್ರೆ 3 ಮತ್ತು ಲಿಬ್ರೆ 3 ಪ್ಲಸ್ ಮಾದರಿಗಳ ಕೆಲವು ಸೆನ್ಸರ್‌ಗಳು ದೀರ್ಘಕಾಲ ಸುಳ್ಳು ಇಳಿತ ತೋರಬಹುದೆಂದು ಒಪ್ಪಿಕೊಂಡಿತು. ದೋಷ ಒಂದು ಉತ್ಪಾದನಾ ಸಾಲಿನದು. ಅಮೆರಿಕದಲ್ಲೇ ಸುಮಾರು 30 ಲಕ್ಷ ಸೆನ್ಸರ್‌ಗಳು ಅದರ ವ್ಯಾಪ್ತಿಗೆ ಬಂದವು. ಇದಕ್ಕೆ ಸಂಬಂಧಿಸಿರಬಹುದಾದ 736 ಗಂಭೀರ ಪ್ರಕರಣಗಳೂ 7 ಸಾವುಗಳೂ ಜಗತ್ತಿನಾದ್ಯಂತ ವರದಿಯಾಗಿವೆಯೆಂದು ಕಂಪನಿಯೇ ತಿಳಿಸಿತು. ನಮ್ಮ ಮನೆಯದು ಆ ಮಾದರಿಯಲ್ಲ. ಆದರೆ ಅಲ್ಲಿ ಬಳಕೆದಾರ ತನ್ನ ಸೆನ್ಸರಿನ ಕ್ರಮಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸಿ ನೋಡಬಹುದಿತ್ತು. ದೋಷವಿದ್ದರೆ ಪುಕ್ಕಟೆ ಬದಲಿ ದೊರೆಯುತ್ತಿತ್ತು. ಚರ್ಮ ಒರೆಸಿದಿರಾ ಎಂದು ಮೊದಲು ಕೇಳಲಿಲ್ಲ. ಅಮೆರಿಕದ ಎಫ್‌ಡಿಎ 2018ರಲ್ಲಿ ಈ ಉಪಕರಣಗಳಿಗೆಂದು ರೂಪಿಸಿದ ಮಾನದಂಡದಲ್ಲಿ ಒಂದು ನೇರವಾದ ಷರತ್ತಿದೆ: ಪರೀಕ್ಷೆಯಲ್ಲಿ ಸೆನ್ಸರ್ 70ಕ್ಕಿಂತ ಕಡಿಮೆ ತೋರಿದಾಗ ರಕ್ತದ ನಿಜವಾದ ಅಂಕ 180ರ ಮೇಲಿರುವ ಒಂದು ಉದಾಹರಣೆಯೂ ಸಿಗಕೂಡದು. ನಮ್ಮ ಆ ರಾತ್ರಿಯ 58 ಮತ್ತು 274ನ್ನು ಈ ಸಾಲಿನ ಪಕ್ಕದಲ್ಲಿಟ್ಟು ಓದಬೇಕು.

10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಎಣಿಸಿದ ದೇಶ ನಮ್ಮದು. ವೈದ್ಯಕೀಯ ಉಪಕರಣಗಳಿಂದಾದ ತೊಂದರೆಯನ್ನು ದಾಖಲಿಸಲು ಇಲ್ಲಿ 2015ರಿಂದ ಮಟೀರಿಯೋವಿಜಿಲೆನ್ಸ್ ಎಂಬ ಕಾರ್ಯಕ್ರಮವಿದೆ. ಘಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಅದನ್ನು ನೋಡಿಕೊಳ್ಳುತ್ತದೆ. ಅದರ ಉಚಿತ ದೂರವಾಣಿ 1800-180-3024. ರೋಗಿಯೂ ಅಲ್ಲಿಗೆ ವರದಿ ಕೊಡಬಹುದು. ನಮಗೆ ಇದನ್ನು ಹೇಳಿದವರು ಔಷಧಿ ಅಂಗಡಿಯವರಲ್ಲ, ವೈದ್ಯರಲ್ಲ, ಸಹಾಯವಾಣಿಯಂತೂ ಅಲ್ಲ. ಪೆಟ್ಟಿಗೆಯೊಳಗೆ ಹತ್ತು ಮಡಿಕೆಯ ಕಾಗದ ತುರುಕುವವರಿಗೆ ಆ ಒಂದು ಸಂಖ್ಯೆ ಅಚ್ಚುಮಾಡಿಸಲು ಜಾಗವಿಲ್ಲವೇ?

ಸಾಗಣೆಯ ಮಾತೂ ಇದೆ. ಸೆನ್ಸರನ್ನು ಎಷ್ಟು ಉಷ್ಣಾಂಶದೊಳಗೆ ಇಡಬೇಕೆಂಬ ಮಿತಿ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ಹಲವು ಮಾದರಿಗಳಿಗೆ ಅದು 25ರಿಂದ 30 ಡಿಗ್ರಿ. ಠಾಣೆ-ಬೇಲಾಪುರ ರಸ್ತೆಯ ಇಕ್ಕೆಲದ ತಗಡಿನ ಗೋದಾಮುಗಳಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತು ನೋಡಿದವರಿಗೆ ಆ ಅಂಕಿ ನಗು ತರಿಸೀತು. ಅಲ್ಲಿಂದ ಸ್ಕೂಟರಿನ ಹಿಂಬದಿಯ ಚೀಲದಲ್ಲಿ ಕುದಿಯುತ್ತ ಮನೆಗೆ ಬಂದ ವಸ್ತುವಿನ ತಪ್ಪಿಗೆ ರೋಗಿಯ ಚರ್ಮವನ್ನು ಹೊಣೆ ಮಾಡುವುದು ಯಾವ ನ್ಯಾಯ?

ನಾವಾದರೂ ಇಂಗ್ಲಿಷಿನಲ್ಲಿ ನಾಲ್ಕು ಪುಟದ ದೂರು ಬರೆಯಬಲ್ಲವರು. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಕಲಬುರಗಿ ಕಡೆಯ ಪರಿಚಿತರೊಬ್ಬರಿಗೆ ವೈದ್ಯರು ಒಮ್ಮೆ ಸೆನ್ಸರ್ ಹಾಕಿದ್ದರು. ಬೆವರಿಗೂ ಗೋಣಿಯ ಉಜ್ಜಾಟಕ್ಕೂ ಮೂರನೆಯ ದಿನವೇ ಅದು ಕಿತ್ತುಬಂತು. ‘ನಂದs ತಪ್ಪು ಬಿಡ್ರಿ ಸಾಹೇಬ್ರ’ ಎಂದು ಅವರು ಸುಮ್ಮನಾದರು. ಐದು ಸಾವಿರದ ವಸ್ತು ಕೆಟ್ಟರೆ ತಪ್ಪು ತನ್ನದೇ ಎಂದು ಬಡವನಿಂದ ಹೇಳಿಸುವ ವ್ಯವಸ್ಥೆಯ ಮೇಲೆ ನಮಗೆ ಸಿಟ್ಟು. ಜಿಮ್ಮಿನಲ್ಲಿ ಬೆವರುವ ಆರೋಗ್ಯವಂತರು ಅದೇ ಬಿಲ್ಲೆಯನ್ನು ಆಭರಣದಂತೆ ತೋರಿಸುವ ಜಾಹೀರಾತುಗಳನ್ನು ಕಂಡಾಗ ಆ ಸಿಟ್ಟು ಇಮ್ಮಡಿಯಾಗುತ್ತದೆ.

ನಾವು ಕೇಳುವುದು ದೊಡ್ಡದೇನಲ್ಲ. ಎರಡು ಹೊತ್ತು ಬೆರಳು ಚುಚ್ಚಿ ತೋರಿಸಿದ ವ್ಯತ್ಯಾಸ ಮಿತಿ ಮೀರಿದ್ದರೆ ಎರಡು ದಿನದಲ್ಲಿ ಬದಲಿ ಬರಲಿ, ಪರಿಶೀಲನೆ ಆಮೇಲೆ ನಡೆಯಲಿ. ಎಷ್ಟು ಸೆನ್ಸರ್ ಹಿಂದಿರುಗಿದವೆಂಬ ಲೆಕ್ಕವನ್ನು ಕಂಪನಿಗಳು ವರ್ಷಕ್ಕೊಮ್ಮೆ ಪ್ರಕಟಿಸಲೆಂದು ಸರ್ಕಾರ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಹೊರನಾಡಿನ ನಮ್ಮವರು ಗ್ಲುಕೋಮೀಟರನ್ನು ಅಟ್ಟಕ್ಕೆ ಎಸೆಯದಿರಲಿ. ಸೆನ್ಸರಿನ ಮಾತಿಗೂ ಮೈಯ ಮಾತಿಗೂ ತಾಳೆಯಾಗದಿದ್ದಾಗ ಬೆರಳನ್ನೇ ಕೇಳಲಿ, ಬಿಲ್ಲು ಮತ್ತು ಕ್ರಮಸಂಖ್ಯೆಯ ಚಿತ್ರ ತೆಗೆದಿಟ್ಟುಕೊಳ್ಳಲಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಕಂಪನಿ ಎಲ್ಲಿಯದೇ ಆಗಿರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲ ಹೆಜ್ಜೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ನಾವು ಅಲ್ಲಿಗೂ ಕರೆ ಮಾಡಿದೆವು, ಘಾಜಿಯಾಬಾದಿಗೂ ವರದಿ ಕಳುಹಿಸಿದೆವು.

ಬದಲಿ ಸೆನ್ಸರ್ ಇಪ್ಪತ್ತೆರಡನೆಯ ದಿನ ಬಂತು. ಕ್ಷಮೆಯ ಒಂದು ಸಾಲೂ ಇರಲಿಲ್ಲ. ಪೆಟ್ಟಿಗೆಯ ಮೇಲಿನ ವಾಯಿದೆ ಮುಗಿಯಲು ಐದು ವಾರ ಉಳಿದಿತ್ತು. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ ‘ಇದಕ್ಕ ಸಿಕ್ಕಾ ಎಲ್ಲಿ ಹೊಡದಾರು?’ ಎಂದಳು. ತುರ್ಭೆಗೆ ಬಂದ ಹೊಸದರಲ್ಲಿ ಅವಳು ದಿನಾ ಸಂಜೆ ಮಾರುಕಟ್ಟೆಗೆ ಹೋಗುತ್ತಿದ್ದವಳು.